‘ದ ಕೀ ಮಸ್ಟ್ ಇನ್ ದ ಬ್ಯಾಗ್’: ಇಲ್ಲಿ ಬಿಟ್ಟುಹೋದದ್ದು ಏನು?

ಓದುಗರ ಪ್ರಶ್ನೆ: ‘ದ ಕೀ ಈಸ್ ಇನ್ ದ ಬ್ಯಾಗ್’ ಸರಿ. ಕೀ ಅಲ್ಲೇ ಇರಬೇಕು ಎಂದು ಊಹಿಸಿ ಹೇಳುವಾಗ ‘ಈಸ್’ ತೆಗೆದು ‘ಮಸ್ಟ್’ ಹಾಕಿದರೆ ಮಾತ್ರ ತಪ್ಪಂತೆ, ನಡುವೆ ‘ಬಿ’ ಬೇಕಂತೆ. ಯಾಕೆ? ಕ್ಯಾನ್, ವಿಲ್, ಮಸ್ಟ್‌ಗಳ ಪಕ್ಕದಲ್ಲಿ ಇನ್, ಅಟ್, ಟು ಬರಲೇಬಾರದೇ?

ಉತ್ತರ: ನೀವು ಮಾಡಿದ ಅದಲುಬದಲನ್ನೇ ಕನ್ನಡದಲ್ಲಿ ಮಾಡಿ ನೋಡಿ. ‘ಕೀ ಬ್ಯಾಗಲ್ಲಿ ಇದೆ.’ ಇದರಲ್ಲಿ ‘ಇದೆ’ ತೆಗೆದು ‘ಬೇಕು’ ಹಾಕಿ: ‘ಕೀ ಬ್ಯಾಗಲ್ಲಿ ಬೇಕು.’ ಅರ್ಥವೇ ಬೇರೆಯಾಯಿತು. ಯಾರೋ ಕೀಯನ್ನು ಬ್ಯಾಗಿಗೆ ಹಾಕಿಕೊಡಿ ಎಂದು ಕೇಳಿದ ಹಾಗಿದೆ. ಊಹೆಯ ಅರ್ಥ ಬರಬೇಕಾದರೆ ‘ಇರಬೇಕು’ ಎನ್ನಲೇಬೇಕು. ‘ಇದೆ’ಯಲ್ಲಿದ್ದ ‘ಇರು’ ಎಲ್ಲಿಗೂ ಹೋಗಲಿಲ್ಲ, ‘ಇರ’ ಎಂದಾಗಿ ‘ಬೇಕು’ವಿನ ಹಿಂದೆ ನಿಂತಿತು. ಇಂಗ್ಲಿಷಿನ ‘ಬಿ’ ಈ ‘ಇರ’ವೇ.

‘ಈಸ್’ ಒಂದೇ ಪದವಾದರೂ ಎರಡು ಕೆಲಸ ಮಾಡುತ್ತದೆ: ವರ್ತಮಾನ ಕಾಲವನ್ನೂ ತೋರಿಸುತ್ತದೆ, ‘ಇರು’ ಎಂಬ ಕ್ರಿಯೆಯನ್ನೂ ಹೇಳುತ್ತದೆ. ಮೋಡಲ್, ಅಂದರೆ ಕ್ಯಾನ್, ವಿಲ್, ಮಸ್ಟ್‌ನಂಥ ಸಹಾಯಕ ಕ್ರಿಯಾಪದ, ಬಂದು ಕೂರುವುದು ಕಾಲ ತೋರಿಸುವ ಜಾಗದಲ್ಲಿ. ಕ್ರಿಯೆಯ ಜಾಗ ಖಾಲಿ ಬಿಡುವಂತಿಲ್ಲ, ಅಲ್ಲಿ ಕ್ರಿಯಾಪದದ ಮೂಲರೂಪ ಬೇಕು. ಈಸ್, ಆಮ್, ಆರ್ ಮೂರಕ್ಕೂ ಮೂಲರೂಪ ‘ಬಿ’. ಆದ್ದರಿಂದ ‘ದ ಕೀ ಮಸ್ಟ್ ಬಿ ಇನ್ ದ ಬ್ಯಾಗ್.’ ಕ್ಯಾನ್, ಕುಡ್, ಮೇ, ಮೈಟ್, ಶ್ಯಾಲ್, ಶುಡ್, ವಿಲ್, ವುಡ್, ಮಸ್ಟ್ ಈ ಒಂಬತ್ತಕ್ಕೂ ಇದೇ ಕಟ್ಟಳೆ. ನಿನ್ನೆಯ ಊಹೆಯಾದರೆ ‘ದ ಕೀ ಮಸ್ಟ್ ಹ್ಯಾವ್ ಬೀನ್ ಇನ್ ದ ಬ್ಯಾಗ್’. ಕನ್ನಡದ ‘ಇದ್ದಿರಬೇಕು’ ಬಿಡಿಸಿ ನೋಡಿ: ಇದ್ದು, ಇರ, ಬೇಕು. ಇದನ್ನೇ ಬಾಲದಿಂದ ಓದಿದರೆ ಮಸ್ಟ್, ಹ್ಯಾವ್, ಬೀನ್.

ಪಕ್ಕದಲ್ಲಿ ಬರಲೇಬಾರದೇ ಎಂದರೆ, ಕಣ್ಣಿಗೆ ಹಾಗೆ ಕಾಣುವ ಜಾಗಗಳಿವೆ. ‘ಐ ಕಾಂಟ್ ಕಮ್ ಆನ್ ಸಂಡೇ, ಬಟ್ ಐ ಕ್ಯಾನ್ ಆನ್ ಮಂಡೇ’ ತಪ್ಪಲ್ಲ. ‘ಕಮ್’ ಆಗಲೇ ಬಂದು ಹೋಗಿರುವುದರಿಂದ ಎರಡನೇ ಸಲ ನುಂಗಿಕೊಂಡಿದ್ದೇವೆ ಅಷ್ಟೆ. ಆದರೆ ‘ಈಸ್ ಹೀ ಇನ್ ದ ಆಫೀಸ್?’ ಎಂದು ಕೇಳಿದವರಿಗೆ ‘ಹೀ ಮಸ್ಟ್’ ಎಂದು ನಿಲ್ಲಿಸುವಂತಿಲ್ಲ, ‘ಹೀ ಮಸ್ಟ್ ಬಿ’ ಎನ್ನಬೇಕು. ಪ್ರಶ್ನೆಯಲ್ಲಿದ್ದದ್ದು ‘ಈಸ್’, ‘ಬಿ’ ಅಲ್ಲ. ಇನ್ನೂ ಬಾಯಿಗೇ ಬರದ ಪದವನ್ನು ನುಂಗುವುದು ಹೇಗೆ? ‘ಯು ಶುಡ್ ಅಟ್ ಲೀಸ್ಟ್ ಕಾಲ್ ಹರ್’ ಎಂಬಲ್ಲಿ ‘ಅಟ್ ಲೀಸ್ಟ್’ ನಡುವೆ ತೂರಿಕೊಂಡಿದೆ, ಕ್ರಿಯಾಪದ ‘ಕಾಲ್’ ಸ್ವಲ್ಪ ಮುಂದೆ ಇದ್ದೇ ಇದೆ.

ಹಿಂದೆ ಇಂಗ್ಲಿಷಿನಲ್ಲಿ ಹೀಗಿರಲಿಲ್ಲ ಎನ್ನುವುದು ತಮಾಷೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ತಾಯಿಗೆ ‘ಐ ಮಸ್ಟ್ ಟು ಇಂಗ್ಲೆಂಡ್’ ಎನ್ನುತ್ತಾನೆ, ‘ಗೋ’ ಇಲ್ಲವೇ ಇಲ್ಲ. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ನಾನು ಮನೆಗೆ ಹೋಗಬೇಕು’ ಎನ್ನುವಾಗ ‘ಹೋಗು’ ಬಿಡಬಹುದು. ಆದರೆ ಅಲ್ಲೂ ಬಿಡಬಹುದಾದದ್ದು ಹೆಚ್ಚಾಗಿ ಹೋಗುವ ಬರುವ ಕ್ರಿಯೆಯನ್ನೇ. ಕೀ ಬ್ಯಾಗಲ್ಲಿ ಇರಬೇಕು ಎನ್ನುವಾಗ ‘ಇರು’ ಬಿಡುವಂತಿಲ್ಲ. ಅಂದರೆ ನಿಮ್ಮ ವಾಕ್ಯ ಅಲ್ಲಿಯೂ ಪಾಸಾಗುತ್ತಿರಲಿಲ್ಲ.

ಇನ್ನು ಮೋಡಲ್ ವಾಕ್ಯದಲ್ಲಿ ಎರಡು ಮೂರು ಪ್ರಿಪೊಸಿಷನ್ ಗುಂಪುಗಳು (ಇನ್, ಅಟ್, ಟು ಮುಂತಾದವುಗಳಿಂದ ಶುರುವಾಗುವ ಪದಗುಚ್ಛಗಳು) ಬಂದಾಗ ಅವನ್ನು ಜೋಡಿಸುವ ಕ್ರಮ. ಇದಕ್ಕೆ ಕನ್ನಡಿಗರ ಕೈಯಲ್ಲೇ ಅಳತೆಗೋಲಿದೆ. ‘ಸೋಮವಾರ ಹತ್ತು ಗಂಟೆಗೆ ಆಫೀಸಿಗೆ ಬರಬೇಕು’ ಎಂಬುದನ್ನು ಕೊನೆಯಿಂದ ಹಿಂದಕ್ಕೆ ಓದುತ್ತಾ ಬನ್ನಿ. ಬೇಕು: ಮಸ್ಟ್. ಬರ: ಕಮ್. ಆಫೀಸಿಗೆ: ಟು ದ ಆಫೀಸ್. ಹತ್ತು ಗಂಟೆಗೆ: ಅಟ್ ಟೆನ್. ಸೋಮವಾರ: ಆನ್ ಮಂಡೇ. ‘ಯು ಮಸ್ಟ್ ಕಮ್ ಟು ದ ಆಫೀಸ್ ಅಟ್ ಟೆನ್ ಆನ್ ಮಂಡೇ’ ತಾನಾಗಿ ಸಿದ್ಧವಾಯಿತು. ಪದದ ಒಳಗೂ ಇದೇ ಆಟ: ‘ಆಫೀಸಿಗೆ’ಯಲ್ಲಿ ಕೊನೆಗಿರುವ ‘ಗೆ’ ಇಂಗ್ಲಿಷಿನಲ್ಲಿ ಮೊದಲಿಗೆ ಬಂದು ‘ಟು’ ಆಗಿದೆ. ಕರ್ತೃಪದ (‘ನೀವು’, ‘ಯು’) ಒಂದನ್ನು ಎರಡೂ ಕಡೆ ಮೊದಲಿಗೇ ಇಟ್ಟುಕೊಂಡರೆ ಸಾಕು.

ಕ್ರಮ ಸರಿಯಾದರೂ ಪ್ರಿಪೊಸಿಷನ್ ಆಯ್ಕೆಯಲ್ಲಿ ಕನ್ನಡ ಕಾಲಿಗೆ ತೊಡರಿಕೊಳ್ಳುತ್ತದೆ. ಅತಿ ಹೆಚ್ಚು ತೊಂದರೆ ಕೊಡುವುದು ‘ಒಳಗೆ’. ‘ಮೂರು ದಿನದೊಳಗೆ ಕೊಡಬೇಕು’, ‘ಶುಕ್ರವಾರದೊಳಗೆ ಕೊಡಬೇಕು’ ಎರಡಕ್ಕೂ ನಮಗೆ ಒಂದೇ ಪದ. ಹಾಗಾಗಿ ಆಫೀಸಿನ ಮೇಲ್‌ಗಳಲ್ಲಿ ‘ಯು ಮಸ್ಟ್ ಸಬ್‌ಮಿಟ್ ಇಟ್ ವಿದಿನ್ ಫ್ರೈಡೇ’ ಎಂದು ಬರುತ್ತದೆ. ‘ವಿದಿನ್’ ಅವಧಿಗೆ: ವಿದಿನ್ ತ್ರೀ ಡೇಸ್. ಗಡುವಿನ ದಿನಕ್ಕೋ ಗಂಟೆಗೋ ‘ಬೈ’: ಬೈ ಫ್ರೈಡೇ, ಬೈ ಫೈವ್. ‘ಬೈ ಫ್ರೈಡೇ’ ಎಂದರೆ ಸಾಮಾನ್ಯವಾಗಿ ಶುಕ್ರವಾರವೂ ಸೇರಿತು. ಗುರುವಾರವೇ ಕೈಗೆ ಬರಬೇಕಿದ್ದರೆ ‘ಬಿಫೋರ್ ಫ್ರೈಡೇ’ ಎಂದು ಬರೆಯಿರಿ.

‘ತನಕ’ ಎಂಬುದಕ್ಕೆ ‘ಅಂಟಿಲ್’. ಒಮ್ಮೆಗೇ ಮುಗಿಯುವ ಕೆಲಸಕ್ಕೆ ಇದು ಹೊಂದುವುದಿಲ್ಲ. ‘ಯು ಮಸ್ಟ್ ವೇಟ್ ಅಂಟಿಲ್ ಟೆನ್’ ಸರಿ, ಕಾಯುವುದು ಹತ್ತರ ತನಕ ನಡೆಯುತ್ತದೆ. ‘ಯು ಮಸ್ಟ್ ಅರೈವ್ ಅಂಟಿಲ್ ಟೆನ್’ ತಪ್ಪು, ತಲುಪುವುದು ಹತ್ತರ ತನಕ ನಡೆಯುತ್ತಲೇ ಇರುವುದಿಲ್ಲ. ನಿಷೇಧ ಸೇರಿದರೆ ಮಾತ್ರ ಹೊಂದುತ್ತದೆ: ‘ಯು ನೀಡ್ ನಾಟ್ ಕಮ್ ಅಂಟಿಲ್ ಟೆನ್’, ಹತ್ತರ ತನಕ ಬರಬೇಕಾಗಿಲ್ಲ. ಬಾರದಿರುವುದು ಹತ್ತರ ತನಕ ಮುಂದುವರಿಯಬಹುದಲ್ಲ!

ಪ್ರಿಪೊಸಿಷನ್ ಗುಂಪು ಮೋಡಲಿನ ಅರ್ಥವನ್ನೇ ತಿರುಗಿಸುವುದೂ ಉಂಟು. ‘ಹೀ ಮಸ್ಟ್ ಬಿ ಇನ್ ದ ಆಫೀಸ್ ಬೈ ಟೆನ್’ ಎಂದರೆ ಕಟ್ಟಪ್ಪಣೆ. ‘ಟೆನ್’ ತೆಗೆದು ‘ನೌ’ ಹಾಕಿ: ‘ಹೀ ಮಸ್ಟ್ ಬಿ ಇನ್ ದ ಆಫೀಸ್ ಬೈ ನೌ.’ ಈಗ ಅಪ್ಪಣೆ ಹೋಗಿ ಊಹೆ ಬಂತು. ಕನ್ನಡದಲ್ಲೂ ಹಾಗೆಯೇ: ‘ಹತ್ತರೊಳಗೆ ಆಫೀಸಲ್ಲಿರಬೇಕು’ ಎಂದರೆ ಮೇಲಧಿಕಾರಿಯ ದನಿ, ‘ಇಷ್ಟೊತ್ತಿಗೆ ಆಫೀಸಲ್ಲಿರಬೇಕು’ ಎಂದರೆ ಮನೆಯವರ ಲೆಕ್ಕಾಚಾರ.

ಕ್ರಿಯಾಪದದ ಮುಂದಿನ ಪ್ರಿಪೊಸಿಷನ್ ಯಾವುದು ಎಂದು ತೀರ್ಮಾನಿಸುವುದು ಕ್ರಿಯಾಪದವೇ, ಮೋಡಲ್‌ಗೆ ಅದರಲ್ಲಿ ಮಾತಿಲ್ಲ. ‘ಮೈಸೂರಿಗೆ ತಲುಪಬೇಕು’ ಎಂಬ ‘ಗೆ’ಯನ್ನು ನಂಬಿ ‘ಮಸ್ಟ್ ರೀಚ್ ಟು ಮೈಸೂರು’ ಎಂದರೆ ತಪ್ಪು, ‘ರೀಚ್ ಮೈಸೂರು’ ಸಾಕು. ‘ಬಗ್ಗೆ’ ಇದೆಯೆಂದು ‘ಶುಡ್ ಡಿಸ್ಕಸ್ ಅಬೌಟ್’ ಬೇಡ. ತಿರುಗುಮುರುಗಾಗಿ, ‘ಹಾಡು ಕೇಳಬೇಕು’ ಎಂಬಲ್ಲಿ ನಮಗೆ ಪ್ರತ್ಯಯವೇ ಕಾಣದಿದ್ದರೂ ಅಲ್ಲಿ ‘ಲಿಸನ್ ಟು’ ಬೇಕು.

ನಿಷೇಧದ ಗುಂಪನ್ನು ವಾಕ್ಯದ ತಲೆಗೆ ತಂದಾಗ ಇನ್ನೊಂದು ಎಡವಟ್ಟು. ‘ಅಂಡರ್ ನೋ ಸರ್ಕಮ್‌ಸ್ಟನ್ಸಸ್ ಯು ಶುಡ್ ಶೇರ್ ದ ಓಟಿಪಿ’ ಎಂಬಲ್ಲಿ ಮೋಡಲ್ ತಪ್ಪು ಜಾಗದಲ್ಲಿದೆ. ಅದು ಕರ್ತೃಪದವನ್ನು ದಾಟಿ ಮುಂದೆ ಬರಬೇಕು: ‘ಅಂಡರ್ ನೋ ಸರ್ಕಮ್‌ಸ್ಟನ್ಸಸ್ ಶುಡ್ ಯು ಶೇರ್ ದ ಓಟಿಪಿ.’ ‘ಅಟ್ ನೋ ಟೈಮ್’ ಮೊದಲಿಗೆ ಬಂದರೂ ಇದೇ ದಾರಿ. ಹಾಗೆಂದು ‘ಇನ್ ನೋ ಟೈಮ್’ ಕಂಡಾಗ ತಿರುಗಿಸಲು ಹೋಗಬೇಡಿ. ಅದರಲ್ಲಿ ‘ನೋ’ ಇದ್ದರೂ ಅರ್ಥ ‘ಕ್ಷಣಮಾತ್ರದಲ್ಲಿ’, ನಿಷೇಧವಲ್ಲ. ‘ಇನ್ ನೋ ಟೈಮ್ ಯು ವಿಲ್ ಬಿ ಅಟ್ ಹೋಮ್.’

ಕೊನೆಗೆ ಪ್ರಶ್ನೆವಾಕ್ಯ. ‘ಯಾರ ಜೊತೆ ಮಾತಾಡಬಹುದು?’ ಎನ್ನುವಾಗ ‘ಜೊತೆ’ ‘ಯಾರ’ ಎಂಬುದಕ್ಕೆ ಅಂಟಿಕೊಂಡೇ ಇರುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಹೂ’ ಒಂದೇ ಮುಂದಕ್ಕೆ ಹೋಗುತ್ತದೆ, ‘ಟು’ ಕ್ರಿಯಾಪದದ ಬೆನ್ನಿಗೇ ಉಳಿಯುತ್ತದೆ: ‘ಹೂ ಕ್ಯಾನ್ ಐ ಸ್ಪೀಕ್ ಟು?’ ವಾಕ್ಯ ಅರ್ಧಕ್ಕೆ ನಿಂತಂತೆ ಕಂಡು ಹಲವರು ಆ ‘ಟು’ ಬಿಟ್ಟುಬಿಡುತ್ತಾರೆ. ಪರೀಕ್ಷೆಗೆ ಉತ್ತರ ಹೇಳಿ ನೋಡಿ: ‘ಯು ಕ್ಯಾನ್ ಸ್ಪೀಕ್ ಟು ದ ಮ್ಯಾನೇಜರ್.’ ಉತ್ತರದಲ್ಲಿ ‘ಟು’ ಇದ್ದರೆ ಪ್ರಶ್ನೆಯಲ್ಲೂ ಇರಬೇಕು.