ರೆಡ್‌ಬಡ್ ಕೇಳುವವರಿಗೆ ನಮ್ಮ ಮಣ್ಣಿನ ಮಂದಾರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಏಪ್ರಿಲ್ ಬಂತೆಂದರೆ ಅಲ್ಲಿಂದ ರೆಡ್‌ಬಡ್ ಮರದ ಚಿತ್ರಗಳು ಇಲ್ಲಿನ ಮೊಬೈಲುಗಳಿಗೆ ಬರುತ್ತವೆ. ಮರದಲ್ಲಿ ಒಂದೂ ಎಲೆ ಇರುವುದಿಲ್ಲ. ಕೊಂಬೆಯುದ್ದಕ್ಕೂ, ಕೆಲವೊಮ್ಮೆ ದಪ್ಪ ಕಾಂಡದ ತೊಗಟೆಯ ಮೇಲೆಯೂ, ಗುಲಾಬಿ ಬಣ್ಣದ ಸಣ್ಣ ಹೂಗಳು ಒತ್ತೊತ್ತಾಗಿ ಅರಳಿರುತ್ತವೆ. ಇದರ ಯಾವ ತಳಿ ನಮ್ಮ ಅಂಗಳಕ್ಕೆ ಆದೀತು ಎಂದು ಸಲಹೆ ಕೇಳುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ. ಕೆಂಪು ಎಲೆಯ ಫಾರೆಸ್ಟ್ ಪ್ಯಾನ್ಸಿ, ಹೊಂಬಣ್ಣದ ಚಿಗುರಿನ ಹಾರ್ಟ್ಸ್ ಆಫ್ ಗೋಲ್ಡ್, ಕೊಂಬೆಗಳು ಕೆಳಕ್ಕೆ ಇಳಿಬೀಳುವ ಲ್ಯಾವೆಂಡರ್ ಟ್ವಿಸ್ಟ್ ಇತ್ಯಾದಿ ಹೆಸರುಗಳನ್ನು ಬರೆದುಕೊಂಡೇ ಬರುತ್ತಾರೆ.

ನಾನು ಕೊಡುವ ಉತ್ತರ ಒಂದೇ: ಇವುಗಳಲ್ಲಿ ಯಾವುದೂ ಆಗದು. ರೆಡ್‌ಬಡ್ ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳ ಮರ. ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಪೂರ್ತಿ ವಿಶ್ರಾಂತಿ ಪಡೆದ ಮೇಲೆಯೇ ಅದರ ಮೊಗ್ಗು ಸರಿಯಾಗಿ ಒಡೆಯುತ್ತದೆ. ಬೀಜಕ್ಕೂ ಅದೇ ನಿಯಮ. ಗಟ್ಟಿ ಸಿಪ್ಪೆಯನ್ನು ಬಿಸಿನೀರಿನಲ್ಲಿ ಮೆದುಮಾಡಿ, ಬಳಿಕ ಎರಡು-ಮೂರು ತಿಂಗಳು ಒದ್ದೆ ಮರಳಿನಲ್ಲಿ ಶೀತದಲ್ಲಿಟ್ಟರೆ ಮಾತ್ರ ಅದು ಮೊಳೆಯುತ್ತದೆ. ಫ್ರಿಜ್ಜಿನಲ್ಲಿಟ್ಟು ಮೊಳಕೆ ಬರಿಸಬಹುದು ನಿಜ, ಆದರೆ ಬೆಳೆದ ಮರವನ್ನು ಫ್ರಿಜ್ಜಿನಲ್ಲಿ ಇಡಲಾಗದು. ಕಾರವಾರದಲ್ಲಂತೂ ಚಳಿಗಾಲವೆಂಬುದು ಹೆಸರಿಗಷ್ಟೆ. ಶಿರಸಿಯಲ್ಲಿ ಜನವರಿಯ ಬೆಳಗು ಎಷ್ಟೇ ತಣ್ಣಗಿದ್ದರೂ ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತದೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆ. ನೀರು ನಿಂತ ಮಣ್ಣನ್ನು ರೆಡ್‌ಬಡ್ ಬೇರು ಸ್ವಲ್ಪವೂ ತಾಳಿಕೊಳ್ಳುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಊರಿಗೆ ಬರುವಾಗ ಚೀಲದಲ್ಲಿ ನಾಲ್ಕು ಬೀಜ, ಒಂದು ಗಿಡ ತರುವುದು ಕಾನೂನಿಗೆ ವಿರುದ್ಧ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಅದಕ್ಕೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಡಿಕೆ, ಕಾಳುಮೆಣಸು, ಏಲಕ್ಕಿಯನ್ನೇ ನಂಬಿದ ಜಿಲ್ಲೆಗೆ ಹೊರಗಿನ ರೋಗವೊಂದು ಗಿಡದ ಜೊತೆ ಬಂದರೆ ನಷ್ಟ ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಆಸೆಯನ್ನೇ ಬಿಡಬೇಕಾಗಿಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ರೆಡ್‌ಬಡ್ಡೂ ನಮ್ಮ ಮಂದಾರವೂ ದ್ವಿದಳ ಕುಟುಂಬದ ಒಂದೇ ಉಪಕುಟುಂಬಕ್ಕೆ ಸೇರಿದವು. ರೆಡ್‌ಬಡ್ಡಿನ ಎಲೆ ಹೃದಯದ ಆಕಾರದ್ದು. ಮಂದಾರದ ಎಲೆ ತುದಿಯಲ್ಲಿ ಸೀಳಿ ಎತ್ತಿನ ಗೊರಸಿನಂತಿರುವುದರಿಂದ ಅದಕ್ಕೆ ಬಸವನಪಾದ ಎಂಬ ಹೆಸರೂ ಇದೆ. ಬರಿಗೊಂಬೆಯಲ್ಲಿ ಹೂ ತುಂಬುವ ನೋಟ ಬೇಕೆನ್ನುವವರಿಗೆ ನಾನು ಹೇಳುವುದು ಕೋವಿದಾರ, ಅಂದರೆ ಉತ್ತರ ಭಾರತದವರು ಕಚ್ನಾರ್ ಎಂದು ಕರೆದು ಮೊಗ್ಗಿನ ಪಲ್ಯ ಮಾಡುವ ಬೌಹಿನಿಯಾ ವೇರಿಗೇಟಾ. ಇದು ಚಳಿಗಾಲದಲ್ಲಿ ಎಲೆ ಕಳಚಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೂ ಬಿಡುತ್ತದೆ. ತಿಳಿಗುಲಾಬಿ, ನೇರಳೆ, ಅಚ್ಚ ಬಿಳಿ, ಮೂರು ಬಣ್ಣಗಳಲ್ಲೂ ಸಿಗುತ್ತದೆ.

ತೊಂದರೆ ಬರುವುದು ನರ್ಸರಿಯಲ್ಲಿ. ಇದರ ಹತ್ತಿರದ ಬಂಧು ಬೌಹಿನಿಯಾ ಪರ್ಪುರಿಯಾ. ಎರಡನ್ನೂ ‘ಕೆಂಪು ಮಂದಾರ’ ಎಂದೇ ಮಾರುತ್ತಾರೆ, ಸಸಿಯಲ್ಲಿ ಎಲೆ ನೋಡಿ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಪರ್ಪುರಿಯಾ ಮಳೆ ಮುಗಿಯುತ್ತಿದ್ದಂತೆ, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಎಲೆಯ ನಡುವೆಯೇ ಹೂ ಬಿಡುತ್ತದೆ. ಬರಿಗೊಂಬೆಯ ಸೊಗಸಿಗಾಗಿ ಕಾದವರಿಗೆ ಮೂರು-ನಾಲ್ಕು ವರ್ಷದ ನಂತರ ನಿರಾಶೆಯಾಗುವುದು ಇದರಿಂದಲೇ. ಆದ್ದರಿಂದ ಸಸಿ ಕೊಳ್ಳುವ ಮೊದಲು ತಾಯಿಮರದ ಹೂ ಕೇಳಿ ನೋಡಿ. ಹೂವೊಂದನ್ನು ಅಂಗೈಯಲ್ಲಿಟ್ಟು ಉದ್ದವಾಗಿ ಬಾಗಿದ ಕೇಸರಗಳನ್ನು ಎಣಿಸಿದರೆ ಗೊಂದಲ ತೀರುತ್ತದೆ: ವೇರಿಗೇಟಾದಲ್ಲಿ ಸಾಮಾನ್ಯವಾಗಿ ಐದು, ಪರ್ಪುರಿಯಾದಲ್ಲಿ ಮೂರು. ಎಸಳೂ ಸಾಕ್ಷಿ ಹೇಳುತ್ತದೆ. ಮೊದಲನೆಯದರ ಎಸಳು ಅಗಲವಾಗಿ ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ, ಎರಡನೆಯದರದು ಕಿರಿದು, ನಡುವೆ ಸಂದು ಕಾಣಿಸುತ್ತದೆ.

ಘಟ್ಟದ ಮೇಲಿನವರಿಗೆ ನಾನು ವೇರಿಗೇಟಾವನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ನವೆಂಬರ್ ನಂತರದ ಒಣಹವೆ ಮತ್ತು ಚಳಿ ಅದಕ್ಕೆ ಎಲೆ ಉದುರಿಸಲು ಬೇಕಾದ ಬಿಡುವನ್ನು ಕೊಡುತ್ತದೆ. ಆದರೆ ಬಚ್ಚಲ ನೀರು ಹರಿಯುವ ಕಡೆ, ತೋಟದ ಸ್ಪ್ರಿಂಕ್ಲರ್ ನೀರು ತಾಗುವ ಅಂಚಿನಲ್ಲಿ ನೆಟ್ಟರೆ ಆ ಬಿಡುವು ಸಿಗದೆ ಮರ ಹಸಿರಾಗಿಯೇ ಉಳಿದು ಹೂ ಚೆದುರಿಹೋಗುತ್ತದೆ. ಬೇರೂರಿದ ಗಿಡಕ್ಕೆ ದೀಪಾವಳಿಯ ನಂತರ ನೀರು ನಿಲ್ಲಿಸಿಬಿಡುವುದೇ ಸರಿ. ಕರಾವಳಿಯಲ್ಲಿ, ಅದರಲ್ಲೂ ಅಂಕೋಲಾ, ಕುಮಟಾದ ಮನೆಗಳಲ್ಲಿ, ಪರ್ಪುರಿಯಾ ಹೆಚ್ಚು ನಂಬಿಕಸ್ತ. ಆದರೆ ಸಮುದ್ರಕ್ಕೆ ನೇರ ಮುಖಮಾಡಿದ ಅಂಗಳದಲ್ಲಿ ಎರಡನ್ನೂ ನೆಡಬಾರದು. ಉಪ್ಪುಗಾಳಿಗೆ ಎಲೆಯಂಚು ಸುಟ್ಟಂತಾಗುತ್ತದೆ, ಜೂನ್ ಗಾಳಿಗೆ ಕೊಂಬೆ ಸುಲಭವಾಗಿ ಮುರಿಯುತ್ತದೆ. ಮನೆಯ ಮರೆಯಲ್ಲಿ, ಪೂರ್ವಕ್ಕೆ, ಗೋಡೆಯಿಂದ ಹದಿನೈದು ಅಡಿ ದೂರದಲ್ಲಿ ಜಾಗವಿದ್ದರೆ ಅಲ್ಲಿ ನೆಡಿ.

ಅಂಗಳ ಚಿಕ್ಕದಿದ್ದರೆ ಪೊದೆಯಾಗಿ ಬೆಳೆಯುವ ಬಿಳಿ ಮಂದಾರ ಅಥವಾ ಗಂಟೆಯಂತೆ ಹೂ ಬಿಡುವ ಹಳದಿ ಮಂದಾರ ಸಾಕು.

ಈ ಕುಟುಂಬದಲ್ಲಿ ನನಗೆ ವಿಶೇಷ ಪ್ರೀತಿ ಇರುವುದು ಬ್ಲೇಕಿಯಾನಾ ಎಂಬ ಮಿಶ್ರತಳಿಯ ಮೇಲೆ. 1880ರ ಆಸುಪಾಸಿನಲ್ಲಿ ಹಾಂಗ್‌ಕಾಂಗ್‌ನ ಕಡಲತೀರದ ಬಳಿ ಸಿಕ್ಕ ಒಂದೇ ಮರದಿಂದ ಜಗತ್ತಿನ ಎಲ್ಲ ಬ್ಲೇಕಿಯಾನಾಗಳೂ ಬಂದಿವೆ. ಇಂದು ಹಾಂಗ್‌ಕಾಂಗ್ ಧ್ವಜದಲ್ಲಿರುವುದೂ ಇದೇ ಹೂ. ಮೇಲೆ ಹೇಳಿದ ಎರಡೂ ಜಾತಿಗಳ ಸಂಕರವಾದ್ದರಿಂದ ಇದು ಬಂಜೆ, ಕಾಯಿ ಕಟ್ಟುವುದಿಲ್ಲ. ಮನೆಯಂಗಳಕ್ಕೆ ಇದು ದೊಡ್ಡ ಅನುಕೂಲ. ಉಳಿದೆರಡರ ಕಾಯಿಗಳು ಬೇಸಿಗೆಯಲ್ಲಿ ಒಣಗಿ ಸಿಡಿದು ಬೀಜ ಎರಚುತ್ತವೆ, ಮೊದಲ ಮಳೆಗೆ ಅಂಗಳದ ತುಂಬ ಸಸಿ ಏಳುತ್ತವೆ. ಬ್ಲೇಕಿಯಾನಾ ನವೆಂಬರ್‌ನಿಂದ ಮಾರ್ಚ್‌ವರೆಗೆ ಅಂಗೈಯಗಲದ ಕಡುನೇರಳೆ ಹೂ ಬಿಡುತ್ತದೆ. ಬೀಜವಿಲ್ಲದ್ದರಿಂದ ಕಸಿ ಗಿಡವನ್ನೇ ಕೊಳ್ಳಬೇಕು. ‘ಬ್ಲೇಕಿಯಾನಾ ಬೀಜದ ಸಸಿ’ ಎಂದು ಯಾರಾದರೂ ಕೊಟ್ಟರೆ ಅದು ಬೇರೆ ಯಾವುದೋ ಮಂದಾರ. ಕಸಿಯ ಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಆಗಾಗ ಚಿವುಟದಿದ್ದರೆ ಕೆಲವೇ ವರ್ಷಗಳಲ್ಲಿ ಬೇರುಗಿಡವೇ ಮೇಲಾಗುತ್ತದೆ.

ನೆಡುವಾಗಿನ ಎಚ್ಚರ ನಮ್ಮ ಚಿರೇಕಲ್ಲಿನ ನೆಲಕ್ಕೆ ಸಂಬಂಧಿಸಿದ್ದು. ಮಂದಾರಕ್ಕೆ ನಮ್ಮ ಹುಳಿಮಣ್ಣು ಒಗ್ಗುತ್ತದೆ, ಆದರೆ ಗಟ್ಟಿ ಕಲ್ಲಿನಲ್ಲಿ ಗುಂಡಿ ಹೊಡೆದು ಸಡಿಲ ಮಣ್ಣು ತುಂಬಿದರೆ ಜುಲೈ ತಿಂಗಳಲ್ಲಿ ಅದು ಬಾವಿಯಾಗುತ್ತದೆ, ಬೇರು ಅಲ್ಲೇ ಕೊಳೆಯುತ್ತದೆ. ಗುಂಡಿಗೆ ನೀರು ತುಂಬಿ ಮರುದಿನ ನೋಡಿ. ನೀರು ಇಂಗದೆ ನಿಂತಿದ್ದರೆ ಇಳಿಜಾರಿನ ಕಡೆಗೆ ಒಂದು ಸಣ್ಣ ಕಾಲುವೆ ಕಡಿದು, ಸುತ್ತಲಿನ ನೆಲಕ್ಕಿಂತ ಒಂದು ಅಡಿ ಎತ್ತರದ ದಿಬ್ಬದ ಮೇಲೆ ಗಿಡ ಕೂರಿಸಿ. ದ್ವಿದಳ ಕುಟುಂಬದ ಮರವಾದರೂ ಇದರ ಬೇರಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಗಂಟುಗಳನ್ನು ನಿರೀಕ್ಷಿಸುವಂತಿಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ ಕೊಟ್ಟು ಬುಡಕ್ಕೆ ದರಕು, ಅಂದರೆ ಒಣಗಿದ ಎಲೆ, ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸವರುವುದೇನಿದ್ದರೂ ಹೂ ಮುಗಿದ ಮೇಲೆ. ವೇರಿಗೇಟಾವನ್ನು ಮೇ ತಿಂಗಳೊಳಗೆ ಸವರಿ ಮುಗಿಸಿದರೆ ಗಾಯ ಒಣಗಿದ ನಂತರ ಮಳೆ ಹಿಡಿಯುತ್ತದೆ; ಪರ್ಪುರಿಯಾಕ್ಕೆ ಜನವರಿ ಸೂಕ್ತ. ಮಳೆಗಾಲದ ನಡುವೆ ಕತ್ತಿ ಹಚ್ಚಿದರೆ ಮುಂದಿನ ಹೂ ಕಟ್ಟಬೇಕಾದ ಕೊಂಬೆಯೇ ಹೋಗುತ್ತದೆ.