ಒಂದೇ ಹೆಸರು, ಎರಡು ಲೈಬ್ರರಿ

ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ, ಕೋಡನ್ನು ಲೈಬ್ರರಿಗಳಿಗೆ ಜೋಡಿಸುವ ಲಿಂಕರ್ ತುಟಿಪಿಟಿಕ್ಕೆನ್ನುವುದಿಲ್ಲ. ಪ್ರೋಗ್ರಾಂ ಓಡಿಸಿದಾಗ ಮಾತ್ರ, ಮೊದಲ ವಿಂಡೋ ಕಾಣುವುದಕ್ಕೂ ಮುಂಚೆ, ಸಂದೇಶವೊಂದು ಎದ್ದು ನಿಲ್ಲುತ್ತದೆ: ಕಾಮ್‌ಸಿಟಿಎಲ್32.ಡಿಎಲ್‌ಎಲ್‌ನಲ್ಲಿ 345ನೇ ಆರ್ಡಿನಲ್ ಸಿಗಲಿಲ್ಲ. ಬಟನ್, ಪಟ್ಟಿಗಳಂಥ ಕಂಟ್ರೋಲ್‌ಗಳನ್ನು ಒದಗಿಸುವ ವಿಂಡೋಸ್ ಲೈಬ್ರರಿ ಅದು; ಆರ್ಡಿನಲ್ ಎಂದರೆ ಅದರೊಳಗಿನ ಫಂಕ್ಷನ್ನಿನ ಕ್ರಮಸಂಖ್ಯೆ. ವಿಂಡೋಸ್‌ಗಾಗಿ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರು ನನ್ನ ಬಳಿ ತರುವ ಸಮಸ್ಯೆಗಳಲ್ಲಿ ಇದು ಹಳೆಯ ಗಿರಾಕಿ. ತರುವ ಹೊತ್ತಿಗೆ ಹಲವರು ಒಂದು ಎಡವಟ್ಟನ್ನೂ ಮಾಡಿ ಮುಗಿಸಿರುತ್ತಾರೆ. ಡಿಎಲ್‌ಎಲ್ ಕೆಟ್ಟಿದೆ ಎಂದುಕೊಂಡು ಯಾವುದೋ ಜಾಲತಾಣದಿಂದ ಅದೇ ಹೆಸರಿನ ಫೈಲ್ ಇಳಿಸಿಕೊಂಡು ತಮ್ಮ ಪ್ರೋಗ್ರಾಮಿನ ಪಕ್ಕದಲ್ಲಿ ಇಟ್ಟಿರುತ್ತಾರೆ. ಮೊದಲು ಅದನ್ನು ಅಳಿಸಿ ಎನ್ನುತ್ತೇನೆ. ಕೆಟ್ಟದ್ದು ಏನೂ ಇಲ್ಲ. ಬೇಕಾದ ಲೈಬ್ರರಿ ಅವರ ಯಂತ್ರದಲ್ಲೇ ಇದೆ, ಅವರು ಅದನ್ನು ಆವೃತ್ತಿ ಹೇಳಿ ಕೇಳಿಲ್ಲ, ಅಷ್ಟೇ.

345 ಎಂಬುದು ಟಾಸ್ಕ್ ಡೈಲಾಗ್ (ಸಂದೇಶ ತೋರಿಸಿ ಉತ್ತರ ಕೇಳುವ ಪುಟ್ಟ ವಿಂಡೋ) ತೆರೆಯುವ ಫಂಕ್ಷನ್ನಿನ ಸಂಖ್ಯೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಕಾಮನ್ ಕಂಟ್ರೋಲ್ಸ್ ಲೈಬ್ರರಿಯಲ್ಲಿದೆ, ಆದರೆ ಆರನೇ ಆವೃತ್ತಿಯಲ್ಲಿ ಮಾತ್ರ. ಇಂದಿಗೂ, ವಿಂಡೋಸ್ 11ರಲ್ಲೂ, ಸಿಸ್ಟಮ್32 ಫೋಲ್ಡರಿನಲ್ಲಿ ಕೂತಿರುವ ಫೈಲಿನ ಆವೃತ್ತಿ 5.82. ಆರನೆಯದು ವಿನ್‌ಎಸ್‌ಎಕ್ಸ್‌ಎಸ್ ಎಂಬ ಬೇರೆಯೇ ಫೋಲ್ಡರಿನಲ್ಲಿದೆ. ಎರಡರ ಹೆಸರೂ ಒಂದೇ. ಏನೂ ಹೇಳದೆ ಕೇಳಿದವರಿಗೆ ಹಳೆಯದು ಸಿಗುತ್ತದೆ.

ಹೀಗೇಕೆ ಮಾಡಿದರು ಎಂದು ಬೈದುಕೊಳ್ಳುವ ಮೊದಲು ಅದರ ಹಿಂದಿನ ಕಾಲವನ್ನು ನೆನೆಯಬೇಕು. ವಿಂಡೋಸ್ 95ರ ಜೊತೆ ಬಂದದ್ದು 4.00. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3 ತನ್ನ ಜೊತೆ 4.70 ತಂದಿತು, 4.0 ಬ್ರೌಸರ್ 4.71 ತಂದಿತು, ಐದನೆಯದು 5.80 ತಂದಿತು. ಯಂತ್ರದಲ್ಲಿ ಇದ್ದದ್ದು ಒಂದೇ ಪ್ರತಿ. ಬಳಕೆದಾರ ಬ್ರೌಸರ್ ಹಾಕಿಕೊಂಡರೆ ಅದಕ್ಕೂ ತನಗೂ ಸಂಬಂಧವೇ ಇಲ್ಲದ ಲೆಕ್ಕಪತ್ರದ ಪ್ರೋಗ್ರಾಮಿನ ಕೆಳಗಿನ ನೆಲ ಬದಲಾಗುತ್ತಿತ್ತು. 2001ರಲ್ಲಿ ಎಕ್ಸ್‌ಪಿ ಬಂದಾಗ, ಬಣ್ಣಬಣ್ಣದ ಹೊಸ ರೂಪದ ಬಟನ್‌ಗಳನ್ನು ಎಲ್ಲರ ಮೇಲೂ ಹೇರುವ ಧೈರ್ಯ ಮೈಕ್ರೋಸಾಫ್ಟ್‌ಗೆ ಬರಲಿಲ್ಲ. ಹೊಸದು ಬೇಕಾದವರು ಮ್ಯಾನಿಫೆಸ್ಟ್ ಎಂಬ ಚಿಕ್ಕ ಎಕ್ಸ್‌ಎಂಎಲ್ ಬರಹದಲ್ಲಿ ಅದನ್ನು ಬರೆದುಕೊಡಬೇಕು. ಉಳಿದವರು ಇದ್ದಲ್ಲೇ ಇರಲಿ ಎಂದರು. ನನಗೆ ಇದು ಸರಿಯಾದ ತೀರ್ಮಾನವೆಂದೇ ಅನಿಸುತ್ತದೆ.

ತೊಡಕು ಇರುವುದು, ಆಯ್ಕೆ ನಮ್ಮ ಕೋಡಿನಲ್ಲಿ ಎಲ್ಲೂ ಕಾಣದಿರುವುದರಲ್ಲಿ. ಹೆಡರ್ ಫೈಲ್ ಒಂದೇ, ಲಿಂಕ್ ಮಾಡುವ ಲೈಬ್ರರಿ ಒಂದೇ, ಕರೆಯುವ ಫಂಕ್ಷನ್‌ಗಳೂ ಬಹುಪಾಲು ಅವೇ. ನಿರ್ಧಾರವಾಗುವುದು ಪ್ರೋಗ್ರಾಂ ಓಡುವ ಹೊತ್ತಿನಲ್ಲಿ. ಮ್ಯಾನಿಫೆಸ್ಟಿನಲ್ಲಿ ತಪ್ಪಾದರೆ ದೂರುವುದು ಕಂಪೈಲರ್ ಅಲ್ಲ, ಪ್ರೋಗ್ರಾಮನ್ನು ಮೆಮೊರಿಗೆ ತರುವ ಲೋಡರ್. ನಾನು ಪದೇ ಪದೇ ಕಂಡ ತಪ್ಪೆಂದರೆ ಹಳೆಯ ಪ್ರಾಜೆಕ್ಟಿನಿಂದ ಎತ್ತಿಕೊಂಡ ಮ್ಯಾನಿಫೆಸ್ಟ್. ಅದರಲ್ಲಿ ಪ್ರೊಸೆಸರ್ ಎಂಬಲ್ಲಿ ಎಕ್ಸ್86 ಎಂದಿರುತ್ತದೆ. ಪ್ರೋಗ್ರಾಂ ಈಗ 64 ಬಿಟ್ ಆಗಿರುತ್ತದೆ. ಓಡಿಸಿದರೆ 14001 ಸಂಖ್ಯೆಯ ದೋಷ. ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಎರಡಕ್ಕೂ ಸರಿಹೋಗುತ್ತದೆ. ಮ್ಯಾನಿಫೆಸ್ಟನ್ನು ಪ್ರತ್ಯೇಕ ಫೈಲಾಗಿ ಇಟ್ಟವರಿಗೆ ಇನ್ನೊಂದು ಕಾಟವಿದೆ: ವಿಸ್ಟಾದಿಂದ ಈಚೆಗೆ ವಿಂಡೋಸ್ ಅದನ್ನು ಒಮ್ಮೆ ಓದಿ ನೆನಪಿಟ್ಟುಕೊಳ್ಳುತ್ತದೆ. ನೀವು ತಿದ್ದಿದ್ದು ಅದಕ್ಕೆ ತಿಳಿಯಬೇಕಾದರೆ ಎಕ್ಸಿಕ್ಯೂಟಬಲ್ ಫೈಲಿನ ದಿನಾಂಕವೂ ಬದಲಾಗಬೇಕು. ಇದು ತಿಳಿಯದೆ ಒಂದು ಮಧ್ಯಾಹ್ನವಿಡೀ ಸರಿಯಿದ್ದ ಮ್ಯಾನಿಫೆಸ್ಟನ್ನೇ ತಿದ್ದುತ್ತಾ ಕುಳಿತವನು ನಾನು. ಈಗ ಯಾವಾಗಲೂ ಒಳಗೇ ಸೇರಿಸಿಬಿಡುತ್ತೇನೆ.

ಆರನೆಯದನ್ನು ತೆಗೆದುಕೊಂಡರೆ ರೂಪ ಮಾತ್ರ ಬದಲಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ನನಗೂ ಇತ್ತು. ಯಂತ್ರಗಳ ಸ್ಥಿತಿ ತೋರಿಸುವ ಒಂದು ಪ್ರೋಗ್ರಾಮಿಗೆ ನಾನು ಮ್ಯಾನಿಫೆಸ್ಟ್ ಸೇರಿಸಿದೆ. ಮೂರು ಸಾಲಿನ ಕೆಲಸ. ಅದರಲ್ಲಿ ಒತ್ತಡ ಮಿತಿ ಮೀರಿದರೆ ಪ್ರೋಗ್ರೆಸ್ ಬಾರ್ ಕೆಂಪಾಗುತ್ತಿತ್ತು. ಥೀಮ್ (ಎಕ್ಸ್‌ಪಿ ತಂದ ಆ ಹೊಸ ರೂಪ) ಹೊದ್ದ ಆರನೇ ಆವೃತ್ತಿಯ ಬಾರ್, ಬಣ್ಣ ಬದಲಿಸುವ ಆ ಹಳೆಯ ಸಂದೇಶವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ದೋಷವನ್ನೂ ಹೇಳುವುದಿಲ್ಲ. ಮಿತಿ ಮೀರಿದರೂ ಬಾರ್ ಸುಂದರವಾಗಿ, ಹಸಿರಾಗಿ ತುಂಬಿಕೊಳ್ಳುತ್ತಿತ್ತು. ಪರೀಕ್ಷೆಯ ಕೊಠಡಿಯಲ್ಲೇ ಒಬ್ಬರು ಗಮನಿಸಿದ್ದರಿಂದ ಬದುಕಿಕೊಂಡೆ. ಆ ಒಂದು ಕಂಟ್ರೋಲಿಗೆ ಖಾಲಿ ಥೀಮ್ ಹೆಸರು ಕೊಟ್ಟು ಹೊದಿಕೆ ತೆಗೆದರೆ ಹಳೆಯ ಬಣ್ಣ ಮರಳುತ್ತದೆ; ವಿಸ್ಟಾದಿಂದ ಈಚೆಗಾದರೆ ಬಾರಿಗೆ ‘ದೋಷ ಸ್ಥಿತಿ’ ಎಂದು ತಿಳಿಸುವ ಬೇರೆ ಸಂದೇಶವೇ ಇದೆ. ಅಂದಿನಿಂದ ಮ್ಯಾನಿಫೆಸ್ಟ್ ಸೇರಿಸುವ ಮುನ್ನ ಕೋಡಿನಲ್ಲಿ ಎಲ್ಲೆಲ್ಲಿ ಬಣ್ಣಕ್ಕೆ ಅರ್ಥವಿದೆ ಎಂದು ಹುಡುಕುತ್ತೇನೆ. ಟ್ಯಾಬ್ ಪುಟದ ಮೇಲೆ ಬೂದು ಚೌಕಗಳು ಕಾಣುವುದು, ಸಾಲುಗಳ ಎತ್ತರ ತುಸು ಏರುಪೇರಾಗುವುದು, ಇವೆಲ್ಲ ಅದರ ಮುಂದೆ ಸಣ್ಣ ಕಿರಿಕಿರಿ.

ಇನ್ನೊಂದು ಪ್ರೋಗ್ರಾಮಿನೊಳಗೆ ಸೇರಿ ಓಡುವ ಪ್ಲಗಿನ್ ಬರೆಯುವವರ ಪಾಡು ಇನ್ನೂ ಕಷ್ಟದ್ದು. ಪ್ರೋಗ್ರಾಂ ನಿಮ್ಮದಾದರೆ ಆಯ್ಕೆಯೂ ನಿಮ್ಮದು. ಪ್ಲಗಿನ್ ಇನ್ನೊಬ್ಬರ ಮನೆಯ ಬಾಡಿಗೆದಾರ. ಮನೆಯ ಯಜಮಾನ ಮ್ಯಾನಿಫೆಸ್ಟ್ ಇಲ್ಲದ ಹಳೆಯ ಪ್ರೋಗ್ರಾಂ ಆಗಿದ್ದರೆ ಅಲ್ಲಿ ನಡೆಯುವುದು 5.82.

ಆದರೂ ದಾರಿ ಇದೆ, ಮತ್ತು ಅದು ಸೊಗಸಾಗಿದೆ. ವಿಂಡೋಸ್ ಎರಡೂ ಆವೃತ್ತಿಗಳನ್ನು ಒಂದೇ ಪ್ರೋಸೆಸ್ಸಿನಲ್ಲಿ, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಮಿನಲ್ಲಿ, ಅಕ್ಕಪಕ್ಕ ಇರಗೊಡುತ್ತದೆ. ಅದರೊಳಗೆ ಓಡುವ ಕೆಲಸದ ಪ್ರತಿ ಎಳೆಗೂ, ಅಂದರೆ ಥ್ರೆಡ್ಡಿಗೂ, ಆಕ್ಟಿವೇಶನ್ ಕಾಂಟೆಕ್ಸ್ಟ್ ಎಂಬ ಸಂದರ್ಭವೊಂದಿರುತ್ತದೆ. ‘ಬಟನ್’ ಎಂದು ಹೆಸರು ಹೇಳಿ ವಿಂಡೋ ಕೇಳಿದಾಗ ಯಾವ ಬಟನ್ ಎಂದು ತೀರ್ಮಾನಿಸುವುದು ಆ ಕ್ಷಣದಲ್ಲಿ ಜಾರಿಯಲ್ಲಿರುವ ಸಂದರ್ಭ. ನಮ್ಮ ಡಿಎಲ್‌ಎಲ್‌ನಲ್ಲಿ ಮ್ಯಾನಿಫೆಸ್ಟನ್ನು 2ನೇ ಸಂಖ್ಯೆಯ ಸಂಪನ್ಮೂಲವಾಗಿ ಇಟ್ಟರೆ (ಎಕ್ಸಿಕ್ಯೂಟಬಲ್‌ಗೆ 1) ನಾವು ನೇರವಾಗಿ ಲಿಂಕ್ ಮಾಡಿದ ಫಂಕ್ಷನ್‌ಗಳು ಆರನೆಯದಕ್ಕೆ ಜೋಡಿಸಿಕೊಳ್ಳುತ್ತವೆ. 345ರ ದೂರು ಅಲ್ಲಿಗೆ ಮುಗಿಯುತ್ತದೆ. ಆದರೆ ಬಟನ್‌ಗಳು ಮಾತ್ರ ಹಳೆಯವೇ! ಹೆಸರಿನಿಂದ ಹುಡುಕುವ ಕೆಲಸ ನಡೆಯುವುದು ಡಿಎಲ್‌ಎಲ್ ಲೋಡ್ ಆದ ಮೇಲೆ, ಯಜಮಾನನ ಸಂದರ್ಭದಲ್ಲಿ. ಅದಕ್ಕಾಗಿ ವಿಂಡೋ ತೆರೆಯುವ ಮುನ್ನ ನಮ್ಮ ಸಂದರ್ಭವನ್ನು ಜಾರಿಗೆ ತಂದು, ಮುಗಿದ ಮೇಲೆ ಹಿಂತೆಗೆಯಬೇಕು. ಐಸೊಲೇಶನ್ ಅವೇರ್ ಎನೇಬಲ್ಡ್ ಎಂಬ ಮ್ಯಾಕ್ರೊ ಕೊಟ್ಟರೆ ವಿಂಡೋಸ್ ಹೆಡರ್‌ಗಳೇ ಈ ಕೆಲಸ ಮಾಡಿಕೊಡುತ್ತವೆ.

ನಾನು ಅದನ್ನು ಕೈಯಾರೆ ಮಾಡಲು ಹೋದೆ. ಯಜಮಾನ, ಅಂದರೆ ಹೋಸ್ಟ್ ಪ್ರೋಗ್ರಾಂ, ಆರಂಭವಾಗುವಾಗ ಕರೆಯುವ ನಮ್ಮ ಫಂಕ್ಷನ್ನಿನಲ್ಲಿ, ಲೈಸೆನ್ಸ್ ಸಿಗದಿದ್ದರೆ ಅರ್ಧದಲ್ಲೇ ಹಿಂತಿರುಗುವ ಒಂದು ಸಾಲು ಇತ್ತು. ಸಂದರ್ಭವನ್ನು ಹಿಂತೆಗೆಯುವ ಕರೆ ಅದರ ಕೆಳಗಿತ್ತು. ಲೈಸೆನ್ಸ್ ಇಲ್ಲದವರ ಯಂತ್ರದಲ್ಲಿ ನಮ್ಮ ಪ್ಲಗಿನ್ ಏನೂ ಮಾಡದೆ ಸುಮ್ಮನಾಗುತ್ತಿತ್ತು, ಆದರೆ ನಮ್ಮ ಸಂದರ್ಭ ಯಜಮಾನನ ಥ್ರೆಡ್ಡಿನ ಮೇಲೆ ಉಳಿದುಬಿಡುತ್ತಿತ್ತು. ಆಮೇಲೆ ತೆರೆದ ಹೋಸ್ಟ್‌ನ ಎಲ್ಲ ವಿಂಡೋಗಳೂ ಹೊಸ ಬಟ್ಟೆ ತೊಟ್ಟು ಬಂದವು. ಅದು ಅವಕ್ಕೆ ಹೊಲಿದ ಬಟ್ಟೆಯಲ್ಲ. ದೂರು ನೇರವಾಗಿ ಹೋಸ್ಟ್ ತಯಾರಕರಿಗೆ ಹೋಯಿತು, ಅವರು ಎರಡು ವಾರ ತಮ್ಮ ಕೋಡಿನಲ್ಲೇ ತಪ್ಪು ಹುಡುಕಿದರು. ಕ್ಷಮೆ ಕೇಳುವ ಪತ್ರ ಬರೆದದ್ದು ನಾನೇ. ಸಿ++ ಬಳಸುವವರು ಈ ಜೋಡಿಯನ್ನು ಕನ್‌ಸ್ಟ್ರಕ್ಟರ್ ಮತ್ತು ಡಿಸ್ಟ್ರಕ್ಟರ್ ಇರುವ ಒಂದು ಪುಟ್ಟ ಕ್ಲಾಸಿಗೆ ವಹಿಸಿಬಿಡಿ. ಮರೆಯುವ ಅವಕಾಶವೇ ಇರುವುದಿಲ್ಲ.

ಎಲ್ಲ ಕಡೆ ಇಂಥ ಸಹಬಾಳ್ವೆ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ, ಜಿಟಿಕೆ ಎಂಬ ಇಂಥದೇ ಕಂಟ್ರೋಲ್ ಲೈಬ್ರರಿಯ ಎರಡನೆಯ ಸರಣಿ 2002ರದು, ಮೂರನೆಯದು 2011ರದು, ನಾಲ್ಕನೆಯದು 2020ರದು. ಇವು ಬೇರೆ ಬೇರೆ ಹೆಸರಿನಲ್ಲಿ ಒಂದೇ ಯಂತ್ರದಲ್ಲಿ ನೆಮ್ಮದಿಯಾಗಿರುತ್ತವೆ. ಒಂದೇ ಪ್ರೋಸೆಸ್ಸಿನಲ್ಲಿ ಮಾತ್ರ ಕೂಡವು: ಎರಡನೆಯದರ ಫಂಕ್ಷನ್ ಹೆಸರುಗಳು ಕಂಡರೆ ಮೂರನೆಯದು ಇದು ಸಾಧ್ಯವಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಅಲ್ಲಿ ಪ್ಲಗಿನ್ ಬರೆಯುವವನಿಗೆ ಆಯ್ಕೆಯೇ ಇಲ್ಲ, ಹೋಸ್ಟ್ ಯಾವುದೋ ಅದೇ. ಗೊಂದಲವಾದರೂ ಕಡಿಮೆ ಎಂದು ಕೆಲವೊಮ್ಮೆ ಅಸೂಯೆಯಾಗುತ್ತದೆ.

ಇಂದು ಹೊಸ ಪ್ರೋಗ್ರಾಂ ಬರೆಯುವವರು ಆರನೆಯದನ್ನೇ ಕೇಳಬೇಕು, ಇದರಲ್ಲಿ ನನಗೆ ಸಂದೇಹವಿಲ್ಲ. ಪಟ್ಟಿಯಲ್ಲಿ ಗುಂಪುಗಳು, ಖಾಲಿ ಪೆಟ್ಟಿಗೆಯೊಳಗಿನ ಮಸುಕು ಸೂಚನೆ, ಟಾಸ್ಕ್ ಡೈಲಾಗ್, ಎಲ್ಲವೂ ಅದರಲ್ಲಿವೆ. ಭಿನ್ನ ಸಾಂದ್ರತೆಯ ಎರಡು ಪರದೆಗಳ ನಡುವೆ ವಿಂಡೋ ಎಳೆದಾಗ ಚೆಕ್‌ಬಾಕ್ಸ್‌ನಂಥ ಚಿತ್ರಗಳನ್ನು ಸರಿಯಾದ ಅಳತೆಗೆ ತರುವ ವಿಂಡೋಸ್ 10ರ ಸೌಲಭ್ಯವೂ ಆರನೆಯದಕ್ಕೇ ಸಿಗುತ್ತದೆ. ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್ ಬಳಸುವವರು ಎನೇಬಲ್ ವಿಶುಯಲ್ ಸ್ಟೈಲ್ಸ್ ಎಂಬ ಒಂದು ಸಾಲನ್ನು ಮೊದಲ ಕಂಟ್ರೋಲ್ ಹುಟ್ಟುವ ಮುಂಚೆ ಕರೆದರೆ ಸಾಕು.

ಆದರೂ ನನ್ನ ಪಾಲಿನ ಒಂದು ಹಳೆಯ ಪ್ರೋಗ್ರಾಮನ್ನು 5.82ರ ಮೇಲೆಯೇ ಬಿಟ್ಟಿದ್ದೇನೆ. ಅದು ಪೂರ್ತಿ ಆನ್ಸಿ ಎಂಬ, ಯೂನಿಕೋಡ್‌ಗಿಂತ ಹಿಂದಿನ ಅಕ್ಷರ ಸಂಕೇತದಲ್ಲಿ ಬರೆದದ್ದು. ಆರನೆಯದು ಯೂನಿಕೋಡ್‌ಗಾಗಿ ಮಾತ್ರ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಅರ್ಧದಷ್ಟು ಕಂಟ್ರೋಲ್‌ಗಳ ಚಿತ್ರವನ್ನು ಆ ಪ್ರೋಗ್ರಾಂ ತಾನೇ ಬರೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಯಾರಾದರೂ ಬಂದು ಇದರ ಬಟನ್‌ಗಳು ಎಷ್ಟು ಹಳೆಯದಾಗಿ ಕಾಣುತ್ತವೆ ಎನ್ನುತ್ತಾರೆ. ಹೌದು ಎನ್ನುತ್ತೇನೆ.