ಅಮೆರಿಕ ಅಧ್ಯಕ್ಷರ ಆಯ್ಕೆ: 538, 270, ಆಮೇಲೆ ಆ 26

ಅಮೆರಿಕ ಪೌರತ್ವದ ಸಿವಿಕ್ಸ್ ಟೆಸ್ಟ್‌ಗೆ ಓದ್ತಿರೋರಿಗೆ ಸರ್ಕಾರದ ಮೂರು ಅಂಗ, ಕಾಂಗ್ರೆಸ್‌ನ ಎರಡು ಸದನ, ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಇವೆಲ್ಲ ಎರಡು ಸಲ ಓದಿದ್ರೆ ತಲೇಲಿ ಕೂತ್ಕೊಳ್ಳತ್ತೆ, ಅದನ್ನ ಇಲ್ಲಿ ಬರೀತಿಲ್ಲ. ತಲೆ ತಿನ್ನೋದು ಎಲೆಕ್ಟೊರಲ್ ಕಾಲೇಜ್, ಅಂದ್ರೆ ಜನ ಹಾಕಿದ ಓಟಿನ ಮೇಲೆ ಪ್ರತಿ ರಾಜ್ಯದಿಂದ ಬರೋ ಎಲೆಕ್ಟರ್‌ಗಳು ಅಧ್ಯಕ್ಷರನ್ನ ಆರಿಸೋ ಪದ್ಧತಿ. ಬಾಯಿಪಾಠ ಮಾಡ್ಕೊಂಡು ಪಾಸಾಗ್ಬಹುದು, ಆದ್ರೆ ನವೆಂಬರ್ ರಾತ್ರಿ ಟಿವಿಲಿ ಕೆಂಪು-ನೀಲಿ ಮ್ಯಾಪ್ ನೋಡುವಾಗ ಅರ್ಥ ಆಗ್ಬೇಕು ಅಂದ್ರೆ ಲೆಕ್ಕ ಒಂದ್ಸಲ ಬಿಡಿಸಿ ನೋಡ್ಲೇಬೇಕು.

ಮೊದ್ಲು 538, ಇದು ಒಟ್ಟು ಎಲೆಕ್ಟರ್‌ಗಳ ಸಂಖ್ಯೆ. ಇದಕ್ಕೆ ನಾನು ಇಟ್ಕೊಂಡಿರೋ ಸೂತ್ರ ಒಂದೇ: ಪ್ರತಿ ರಾಜ್ಯಕ್ಕೆ ಹೌಸ್ (ಕಾಂಗ್ರೆಸ್‌ನ ಕೆಳಮನೆ) ಸೀಟು ಪ್ಲಸ್ ಎರಡು ಸೆನೆಟ್ (ಮೇಲ್ಮನೆ) ಸೀಟು. ಹೌಸ್‌ನಲ್ಲಿ ಒಟ್ಟು 435 ಸೀಟು, ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ್ಮೇಲೆ ಜನಸಂಖ್ಯೆ ನೋಡಿ ರಾಜ್ಯಗಳಿಗೆ ಹಂಚ್ತಾರೆ. ಸೆನೆಟ್‌ನಲ್ಲಿ ದೊಡ್ಡ ರಾಜ್ಯ ಚಿಕ್ಕ ರಾಜ್ಯ ಅಂತಿಲ್ಲ, ಎಲ್ರಿಗೂ ಎರಡೆರಡು, 50 ರಾಜ್ಯಕ್ಕೆ 100. ಕೂಡಿದ್ರೆ 535 ಬರತ್ತೆ. ಉಳಿದ ಮೂರು ರಾಜಧಾನಿ ವಾಷಿಂಗ್ಟನ್ ಡಿ.ಸಿ.ದು. ಅದು ರಾಜ್ಯ ಅಲ್ಲ, ಸೆನೆಟರ್ ಇಲ್ಲ, ಹೌಸ್‌ನಲ್ಲಿ ಓಟು ಹಾಕೋ ಸದಸ್ಯರೂ ಇಲ್ಲ, ಆದ್ರೂ 1961ರ 23ನೇ ತಿದ್ದುಪಡಿ ಅಲ್ಲಿನ ಜನಕ್ಕೆ ಅಧ್ಯಕ್ಷರನ್ನ ಆರಿಸೋದ್ರಲ್ಲಿ ಪಾಲು ಕೊಡ್ತು. 538ರ ಅರ್ಧ 269, ಬಹುಮತಕ್ಕೆ ಒಂದು ಜಾಸ್ತಿ, ಅದೇ 270.

ಈ 'ಪ್ಲಸ್ ಎರಡು' ಮಾಡೋ ಕೆಲಸ ನೋಡಿ. ಕ್ಯಾಲಿಫೋರ್ನಿಯಾಗೆ 52 ಪ್ಲಸ್ ಎರಡು, 54. ವಯೋಮಿಂಗ್‌ಗೆ 1 ಪ್ಲಸ್ ಎರಡು, 3. 2020ರ ಜನಗಣತಿಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3.95 ಕೋಟಿ ಜನ, ವಯೋಮಿಂಗ್‌ನಲ್ಲಿ 5.77 ಲಕ್ಷ. ಭಾಗಿಸಿದ್ರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಎಲೆಕ್ಟರ್ ಓಟಿಗೆ ಸುಮಾರು 7.3 ಲಕ್ಷ ಜನ, ವಯೋಮಿಂಗ್‌ನಲ್ಲಿ 1.9 ಲಕ್ಷ. ಸಣ್ಣ ರಾಜ್ಯಕ್ಕೆ ತೂಕ ಜಾಸ್ತಿ ಅಂತ ಪುಸ್ತಕದಲ್ಲಿ ಒಂದೇ ಸಾಲಲ್ಲಿ ಬರೆದಿರೋದು ಇದನ್ನೇ.

ನಮ್ಮ ರಾಷ್ಟ್ರಪತಿ ಚುನಾವಣೆ ಓದಿರೋರು ಒಂದು ವಿಷಯ ಬೇರೆ ಇಟ್ಕೊಳ್ಳಿ. ಅಲ್ಲಿ ಎಂಎಲ್‌ಎ, ಎಂಪಿಗಳೇ ಓಟು ಹಾಕ್ತಾರೆ, ಓಟಿಗೆ ಮೌಲ್ಯ ಅಂತ ಇರತ್ತೆ, ಕರ್ನಾಟಕದ ಒಬ್ಬ ಎಂಎಲ್‌ಎ ಓಟಿಗೆ 131. ಅಮೆರಿಕದಲ್ಲಿ ಸೆನೆಟರ್ ಆಗ್ಲಿ ಹೌಸ್ ಸದಸ್ಯರಾಗ್ಲಿ ಎಲೆಕ್ಟರ್ ಆಗೋ ಹಾಗೇ ಇಲ್ಲ, ಸಂವಿಧಾನವೇ ಬೇಡ ಅಂದಿದೆ. ಎಲೆಕ್ಟರ್ ಅಂದ್ರೆ ಪಕ್ಷಗಳು ಮೊದಲೇ ಹೆಸರಿಸಿರೋ ಬೇರೆ ಜನ, ಡಿಸೆಂಬರ್‌ನಲ್ಲಿ ಅವರವರ ರಾಜ್ಯದಲ್ಲೇ ಸೇರಿ ಓಟು ಹಾಕಿದ್ರೆ ಅವರ ಕೆಲಸ ಮುಗೀತು. ಎಲೆಕ್ಟರ್‌ಗಳು ಹಾಕೋ ಎಲ್ಲ ಓಟಿಗೂ ಬೆಲೆ ಒಂದೇ.

48 ರಾಜ್ಯ ಮತ್ತೆ ಡಿ.ಸಿ.ಯಲ್ಲಿ ಜನರ ಓಟು ಒಂದೇ ಒಂದು ಜಾಸ್ತಿ ಬಂದ ಅಭ್ಯರ್ಥಿಗೂ ಅಲ್ಲಿನ ಅಷ್ಟೂ ಎಲೆಕ್ಟರ್‌ಗಳು. ಮೇನ್ ಮತ್ತೆ ನೆಬ್ರಾಸ್ಕಾ ಮಾತ್ರ ಎರಡು ಎಲೆಕ್ಟರ್ ಓಟು ಇಡೀ ರಾಜ್ಯದ ಲೆಕ್ಕದಲ್ಲಿ, ಉಳಿದದ್ದು ಕ್ಷೇತ್ರಕ್ಕೊಂದು ಅಂತ ಹಂಚ್ತವೆ. 2000ದಲ್ಲಿ ಫ್ಲಾರಿಡಾದಲ್ಲಿ ಅಂತರ ಬರೀ 537 ಓಟು, ಅಷ್ಟಕ್ಕೇ ಅಲ್ಲಿನ 25 ಎಲೆಕ್ಟರ್ ಪೂರ್ತಿ ಬುಷ್‌ಗೆ ಹೋಗಿ ಅವರು 271 ಮುಟ್ಟಿದ್ರು, ದೇಶದ ಒಟ್ಟು ಓಟಲ್ಲಿ ಗೋರ್ ಮುಂದಿದ್ರೂ ಸೋತ್ರು. 2016ರಲ್ಲೂ ಹಾಗೇ, ಹಿಲರಿ ಕ್ಲಿಂಟನ್‌ಗೆ ಓಟು ಜಾಸ್ತಿ, ಗೆದ್ದಿದ್ದು ಟ್ರಂಪ್.

ಈಗ ನನ್ನನ್ನ ಬಹಳ ಹೊತ್ತು ಹಿಡಿದು ನಿಲ್ಲಿಸಿದ ಜಾಗ: ಯಾರಿಗೂ 270 ಬರ್ಲಿಲ್ಲ ಅಂದ್ರೆ? 269-269 ಆಗ್ಬಹುದು, ಮೂರನೆಯವರೊಬ್ರು ಒಂದಷ್ಟು ರಾಜ್ಯ ಗೆದ್ದು ಯಾರಿಗೂ ಬಹುಮತ ಸಿಗದೇ ಇರ್ಬಹುದು. ಆಗ 1804ರ 12ನೇ ತಿದ್ದುಪಡಿ ಪ್ರಕಾರ ಹೌಸ್ ಆರಿಸ್ಬೇಕು, ಮೊದಲ ಮೂರು ಸ್ಥಾನದಲ್ಲಿರೋರ ಪೈಕಿ ಒಬ್ರನ್ನ. ಇಲ್ಲಿ 435 ಜನ ಕೈಯೆತ್ತಿ 218 ಬಂದ್ರೆ ಆಯ್ತು ಅಂತ ಅನ್ಸತ್ತೆ, ಆದ್ರೆ ಹಾಗಲ್ಲ. ರಾಜ್ಯಕ್ಕೊಂದೇ ಓಟು. ಕ್ಯಾಲಿಫೋರ್ನಿಯಾದ 52 ಸದಸ್ಯರು ತಮ್ಮೊಳಗೇ ತೀರ್ಮಾನ ಮಾಡ್ಕೊಂಡು ಹಾಕೋದು ಒಂದು, ವಯೋಮಿಂಗ್‌ನ ಒಬ್ಬರೇ ಸದಸ್ಯರು ಹಾಕೋದೂ ಒಂದು. ಡಿ.ಸಿ.ಗೆ ಇಲ್ಲಿ ಜಾಗವೇ ಇಲ್ಲ. 50ರಲ್ಲಿ 26 ರಾಜ್ಯ ಬೇಕು. ಹಾಗಾಗಿ ಹೌಸ್‌ನಲ್ಲಿ ಬಹುಮತ ಇರೋ ಪಕ್ಷವೇ ಇದನ್ನ ಗೆಲ್ಲತ್ತೆ ಅಂತ ಏನಿಲ್ಲ, ಅದರ ಸದಸ್ಯರೆಲ್ಲ ಕೆಲವೇ ದೊಡ್ಡ ರಾಜ್ಯಗಳಲ್ಲಿ ತುಂಬ್ಕೊಂಡಿದ್ರೆ 26 ಮುಟ್ಟೋದೇ ಕಷ್ಟ. ಇದು ನ್ಯಾಯ ಅಂತ ನನಗೆ ಅನ್ಸಲ್ಲ, ಸಣ್ಣ ರಾಜ್ಯಕ್ಕೆ ಒಂದ್ಸಲ ತೂಕ ಕೊಟ್ಟಾಗಿದೆ, ಇಲ್ಲಿ ಮತ್ತೆ ಇನ್ನೂ ಜಾಸ್ತಿ ಕೊಟ್ಟ ಹಾಗಾಯ್ತು.

ಇದು ಬರೀ ಪುಸ್ತಕದ ಮಾತಲ್ಲ, 1824ರ ಚುನಾವಣೆಲಿ ನಡೆದಿದೆ. ಆಂಡ್ರ್ಯೂ ಜಾಕ್ಸನ್‌ಗೆ 99 ಎಲೆಕ್ಟರ್ ಓಟು, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37, ಬೇಕಿದ್ದದ್ದು 131. ನಾಲ್ಕನೆಯವರು ಅಂತ ಕ್ಲೇ ಹೊರಗೆ ಬಿದ್ರು. ಆಗ ಇದ್ದದ್ದು 24 ರಾಜ್ಯ, 1825ರ ಫೆಬ್ರವರಿಲಿ ಹೌಸ್ ಓಟು ಹಾಕಿದಾಗ 13 ರಾಜ್ಯ ಆಡಮ್ಸ್ ಕಡೆ ಬಂತು, ಮುಂದಿದ್ದ ಜಾಕ್ಸನ್ ಸೋತ್ರು.

ಉಪಾಧ್ಯಕ್ಷ ಸ್ಥಾನಕ್ಕೂ ಯಾರಿಗೂ ಬಹುಮತ ಬರ್ಲಿಲ್ಲ ಅಂದ್ರೆ ಆರಿಸೋದು ಸೆನೆಟ್, ಮೊದಲ ಇಬ್ಬರಲ್ಲಿ ಒಬ್ರನ್ನ, ಅಲ್ಲಿ ಮಾತ್ರ ತಲೆಗೊಂದು ಓಟು, 51 ಬೇಕು. ಎರಡು ಸದನ ಬೇರೆ ಬೇರೆ ಪಕ್ಷದ ಕೈಲಿದ್ರೆ ಅಧ್ಯಕ್ಷರದ್ದು ಒಂದು ಪಕ್ಷ, ಉಪಾಧ್ಯಕ್ಷರದ್ದು ಇನ್ನೊಂದು ಆಗೋಕೂ ಸಾಧ್ಯ. ಹೊಸ ಅಧ್ಯಕ್ಷರ ಅವಧಿ ಶುರುವಾಗೋ ಜನವರಿ 20ರ ಮಧ್ಯಾಹ್ನ 12 ಆದ್ರೂ ಹೌಸ್‌ಗೆ 26 ಸಿಗ್ಲಿಲ್ಲ ಅನ್ಕೊಳ್ಳಿ, ಅಷ್ಟರಲ್ಲಿ ಸೆನೆಟ್ ಉಪಾಧ್ಯಕ್ಷರನ್ನ ಆರಿಸಿದ್ರೆ 20ನೇ ತಿದ್ದುಪಡಿ ಪ್ರಕಾರ ಹೌಸ್ ತೀರ್ಮಾನ ಮಾಡೋವರೆಗೂ ಅವರೇ ಹಂಗಾಮಿ ಅಧ್ಯಕ್ಷರು.